ಮಥುರಾ ರಸ್ತೆಯಲ್ಲಿ ವಾಲಿದ ಕಾರು

ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಿಂದ ಮಥುರೆಗೆ ಸುಮಾರು ನೂರೈವತ್ತು ಕಿಲೋಮೀಟರ್. ಫೆಬ್ರವರಿಯ ಒಂದು ಭಾನುವಾರ, ಮಂಜು ಕರಗುವ ಮುಂಚೆ ನಾವು ನಾಲ್ವರು ಹೊರಟೆವು: ನಾನು, ಹೆಂಡತಿ ಸುಮಾ, ಹತ್ತನೇ ಕ್ಲಾಸಿನ ಮಗಳು ರಚನಾ, ಹಾಸನದಿಂದ ಬಂದಿದ್ದ ನನ್ನ ಅಣ್ಣನ ಹೆಂಡತಿ ಶಾರದತ್ತಿಗೆ. ಮಥುರೆ ನೋಡಿ, ಯಮುನೆಯಲ್ಲಿ ದೋಣಿ ಹತ್ತಬೇಕೆಂಬುದು ಅತ್ತಿಗೆಯ ಬಹುದಿನದ ಆಸೆ. ನನ್ನ ಕಾರನ್ನು ಅವರಿಗೆ ತೋರಿಸಬೇಕೆಂಬುದು ನನ್ನ ಆಸೆ. ಕಾರು ನನಗಷ್ಟೇ ಹೊಸದು. ಯಾರೋ ಓಡಿಸಿ ಬಿಟ್ಟ ವಿದೇಶಿ ಗಾಡಿ. "ಇದಕ್ಕೆ ಸ್ಪ್ರಿಂಗ್ ಇಲ್ಲ ಅತ್ತಿಗೆ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಂತಿರುತ್ತೆ. ಹಳ್ಳ ಬಂದರೂ ಗೊತ್ತಾಗಲ್ಲ" ಎಂದು ಕೊಚ್ಚಿಕೊಂಡೆ.

ಆಶ್ರಮ್ ಚೌಕದ ಸಿಗ್ನಲ್‌ನಲ್ಲಿ ಪಕ್ಕದ ಆಟೋದವನು, ಕಾರಿನ ಎಡಗಡೆ ಹಿಂಭಾಗ ತಗ್ಗಿದೆ ಎಂದು ಸನ್ನೆ ಮಾಡಿದ. ಅಲ್ಲಿ ಕೂತಿದ್ದವರು ಅತ್ತಿಗೆ. "ಸ್ವಲ್ಪ ನಡುವೆ ಸರಿಯಿರಿ ಅತ್ತಿಗೆ, ಗಾಡಿ ನಿಮ್ಮ ಕಡೆಗೇ ವಾಲ್ತಾ ಇದೆ" ಎಂದೆ. ರಚನಾ ಕಿಸಕ್ಕನೆ ನಕ್ಕಳು. ನನಗೆ ಅಷ್ಟು ಸಾಕಾಯಿತು. ಬದರ್‌ಪುರ್ ದಾಟುವವರೆಗೂ ಅದನ್ನೇ ಎಳೆದೆ. ಹಾಸನದ ಬೆಣ್ಣೆಯ ಮಹಿಮೆ ಎಂದೆ. ವಿದೇಶದವರು ನಮ್ಮ ಹೆಂಗಸರನ್ನು ನೋಡದೆ ಗಾಡಿ ಮಾಡಿದ್ದಾರೆ ಎಂದೆ. ಸಾಕು ಎಂಬಂತೆ ಸುಮಾ ನನ್ನತ್ತ ಕಣ್ಣು ಬಿಟ್ಟಳು. ಅತ್ತಿಗೆಯೂ ನಕ್ಕಿದ್ದರಿಂದ ನಾನು ಲೆಕ್ಕಕ್ಕಿಡಲಿಲ್ಲ.

ಫರೀದಾಬಾದ್ ಕಳೆದು ಒಂದು ಢಾಬಾದಲ್ಲಿ ನಿಂತೆವು. ಬಿಸಿ ಆಲೂ ಪರಾಠ, ಬಿಳಿ ಬೆಣ್ಣೆ, ಮೊಸರು ಬಂತು. ಮನೆಯಿಂದ ಖಾಲಿ ಹೊಟ್ಟೆಯಲ್ಲಿ ಹೊರಟಿದ್ದ ಅತ್ತಿಗೆ ಟೀ ಮಾತ್ರ ತೆಗೆದುಕೊಂಡರು. "ಹಸಿವಿಲ್ಲಪ್ಪ" ಎಂದರು. ಅಷ್ಟರಲ್ಲಿ ರಚನಾ ಕೂಗಿದಳು: "ಅಪ್ಪಾ, ದೇಖೋ! ಗಾಡಿ ಬೈಠ್ ಗಯೀ!"

ಒಳಗೆ ಯಾರೂ ಇಲ್ಲದ ಕಾರು ಎಡಗಡೆಗೆ ಕುಸಿದು ಕೂತಿತ್ತು. ಹಿಂದಿನ ಟೈರು ಅರ್ಧ ಒಳಗೆ ಅಡಗಿತ್ತು.

ಪಕ್ಕದಲ್ಲೇ ಟ್ರಕ್ಕುಗಳ ಏರ್ ಬ್ರೇಕ್ ರಿಪೇರಿಯ ಗ್ಯಾರೇಜಿತ್ತು. ಮೆಕ್ಯಾನಿಕ್ ಜಾಕ್ ಕೊಟ್ಟು ಕಾರನ್ನು ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಸೋಪಿನ ನೀರು ಎರಚಿದ. ಚೀಲದ ಮೇಲೆ ಏನೂ ಕಾಣಲಿಲ್ಲ. ಅದಕ್ಕೆ ಗಾಳಿ ತರುವ ಸಣ್ಣ ಪೈಪು ಸೇರುವ ಕಡೆ ಬುಳಬುಳನೆ ಗುಳ್ಳೆ ಎದ್ದವು. ಪೈಪಿನ ಸವೆದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಒಳಕ್ಕೆ ತಳ್ಳಿ ಬಿಗಿದ. ಭಾರ ಜಾಸ್ತಿಯಾಗಿ ಹೀಗಾಯಿತೇ ಎಂದು ನಾನು ಹಿಂದಿಯಲ್ಲಿ ಕೇಳಿದೆ. ಹೌದೆನ್ನಲಿ ಎಂಬ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಇದು ಹಳೆಯ ಲೀಕು, ಕೂತವರ ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದ.

ಅತ್ತಿಗೆಗೆ ಹಿಂದಿ ಬಾರದು. "ಏನಂತೆ?" ಎಂದರು.

"ಏನೋ ಪೈಪಂತೆ."

"ನಹೀಂ ದೊಡ್ಡಮ್ಮ" ಎಂದಳು ರಚನಾ. "ಅಪ್ಪ ಕೇಳಿದ್ರು, ವೆಯ್ಟ್‌ಇಂದ ಆಯ್ತಾ ಅಂತ. ಭಯ್ಯಾ ಹೇಳಿದ್ರು, ಇಲ್ಲ. ನಿಮ್ದು ತಪ್ಪಿಲ್ಲ. ಗಾಡೀನೇ ಮೊದಲಿಂದ ಖರಾಬ್."

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ರಿಪೇರಿ ಪರೀಕ್ಷಿಸಲು ಯಾರಾದರೂ ಕೂರಬೇಕಿತ್ತು. "ಆಂಟೀಜೀ, ಪೀಛೆ ಬೈಠಿಯೇ" ಎಂದು ಮೆಕ್ಯಾನಿಕ್ ಹಿಂದಿನ ಬಾಗಿಲು ತೆರೆದ. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದು, "ನಾನು ಬೇಡ, ಸುಮಾ ಕೂತ್ಕೊಳ್ಳಲಿ" ಎಂದರು. ಸುಮಾ ಕೂತಳು, ಗಾಡಿ ತಗ್ಗಲಿಲ್ಲ. ನಾನು ಅತ್ತಿಗೆಗೆ ತಪ್ಪಾಯಿತು ಅನ್ನಬೇಕಿತ್ತು. "ಬನ್ನಿ ಅತ್ತಿಗೆ, ಲೇಟಾಗುತ್ತೆ" ಎಂದೆ.

ಮಥುರೆಯಲ್ಲಿ ಒಳ್ಳೆಯ ಬಿಸಿಲಿತ್ತು, ದರ್ಶನವೂ ಸಲೀಸಾಗಿ ಆಯಿತು. ಘಾಟಿನಲ್ಲಿ ದೋಣಿಯವನೊಡನೆ ಮಾತಾಡಿ ಬಂದಾಗ ಅತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. "ನೀವು ಹೋಗಿ ಬನ್ನಿ. ನಾನು ಚಪ್ಪಲಿ ಕಾಯ್ತೀನಿ." ಸುಮಾ ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ಯಾರೂ ದೋಣಿ ಹತ್ತಲಿಲ್ಲ. ಇಷ್ಟು ವರ್ಷ ಕಾದ ಆಸೆಯನ್ನು ನಾನು ಒಂದು ಸಿಗ್ನಲ್‌ನಲ್ಲಿ ಕೆಡಿಸಿದ್ದೆ.

ಸಂಜೆ ವಾಪಸು ಬರುವಾಗ ಕಾರು ನೆಟ್ಟಗೆ ಓಡುತ್ತಿತ್ತು. ಫರೀದಾಬಾದ್ ಹತ್ತಿರ ಅಣ್ಣನ ಫೋನು ಬಂತು. ಸುಮಾ ಮೊಬೈಲನ್ನು ಅತ್ತಿಗೆಗೆ ಕೊಟ್ಟಳು.

"ಹೂಂ, ಎಲ್ಲಾ ನೋಡಿದ್ವಿ" ಎಂದರು ಅತ್ತಿಗೆ. "ದೋಣೀನೂ ಹತ್ತಿದೆ. ಕಾರಾ? ತುಂಬಾ ಚೆನ್ನಾಗಿದೆ ಕಣ್ರೀ. ನಿಮ್ಮ ತಮ್ಮ ಸ್ವಲ್ಪವೂ ಆಯಾಸವಾಗದ ಹಾಗೆ ಕರ್ಕೊಂಡು ಹೋಗಿ ಬಂದ. ತಗೊಳ್ಳಿ, ಮಾತಾಡಿ."

ಫೋನು ನನ್ನ ಕಿವಿಗೆ ಬಂತು. "ಚೆನ್ನಾಗಿ ನೋಡ್ಕೊಂಡೆಯಂತಲ್ಲೋ" ಎಂದ ಅಣ್ಣ.

"ಹೂಂ ಅಣ್ಣ" ಎಂದೆ.