ಗಡ್ಡೆ ಸುಟ್ಟರು, ಕಿಡ್ನಿ ಉಳಿಸಿದರು

“ಕಿಡ್ನೀನೇ ತೆಗೆದ್ಬುಡಿ ಡಾಕ್ಟ್ರೇ, ಕ್ಯಾನ್ಸರಿನ ಬೇರು ಉಳಿಯೋದು ಬ್ಯಾಡ” ಎಂದು ಮೈಸೂರಿನ ಆಸ್ಪತ್ರೆಯಲ್ಲಿ ನಾನು ಅಳುತ್ತಾ ಕೈಮುಗಿದೆ. ಕಾಯಿಲೆ ನಮ್ಮ ಯಜಮಾನರಿಗೆ. ನಾಗಮಂಗಲದಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡುವ ಅವರು ಪಕ್ಕದಲ್ಲೇ ಕುಳಿತಿದ್ದರು.

ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕಡಲೆಕಾಳಿನಷ್ಟು ಗಡ್ಡೆ ಇದೆ, ಒಂದೇ ಒಂದು. ಚೂರು ತೆಗೆದು ಪರೀಕ್ಷೆ ಮಾಡಿಸಿದಾಗ ಉಗ್ರವಾದದ್ದಲ್ಲ ಎಂದು ಗೊತ್ತಾಗಿದೆ. ಮೂತ್ರದ ದಾರಿಯಲ್ಲೇ ಸಣ್ಣ ನಳಿಕೆ ತೂರಿಸಿ ಗಡ್ಡೆಯನ್ನಷ್ಟೇ ಸುಡುತ್ತೇವೆ, ಕಿಡ್ನಿ ಉಳಿಯುತ್ತದೆ ಎಂದರು. ಸುಡುವುದು ಎಂದ ಕೂಡಲೇ ನಾನು ಮತ್ತೆ ಕೈಮುಗಿದೆ. “ಅರ್ಧಂಬರ್ಧ ಬುಟ್ರೆ ಅಂಗೇ ಹಬ್ಬಲ್ವಾ?” ಎಂದೆ.

ಆಗ ಯಜಮಾನರು ನನ್ನ ಕಡೆ ತಿರುಗಿದರು. “ಲೇ, ನಿನ್ ಮೂಗುಬೊಟ್ಟಿನ ಬೆಸುಗೆ ಬುಟ್ಟಾಗ ಊದುಗೊಳವೇಲಿ ಅಷ್ಟಕ್ಕೇ ಉರಿ ಊದಿದ್ನಾ, ಇಲ್ಲಾ ಮೂಗುಬೊಟ್ಟನ್ನೇ ಕರಗಿಸ್ಬುಟ್ನಾ? ಅವ್ರ ಕಸುಬು ಅವ್ರಿಗೆ ಗೊತ್ತು, ಸುಮ್ಕಿರು.”

ಡಾಕ್ಟರು ನಕ್ಕುಬಿಟ್ಟರು. “ಸರಿಯಾಗಿ ಹೇಳಿದ್ರಿ ಆಚಾರ್ರೇ. ಆದ್ರೆ ಇದು ಮತ್ತೆ ಬರಬಹುದು. ಕರೆದಾಗಲೆಲ್ಲ ತಪ್ಪದೆ ಬಂದು ತೋರಿಸ್ಬೇಕು.”

ಡಾಕ್ಟರು ಹೇಳಿದ ಹಾಗೇ ಗಡ್ಡೆಯನ್ನಷ್ಟೇ ಸುಟ್ಟರು, ಕಿಡ್ನಿ ಉಳಿಯಿತು. ಈಗಲೂ ತಪಾಸಣೆಗೆ ಹೋದಾಗ, ಯಜಮಾನರು ಒಳಗಿರುವಷ್ಟು ಹೊತ್ತೂ ಬೆಂಚಿನ ಮೇಲೆ ಕುಳಿತು ಮನೆದೇವರು ಕಾಳಮ್ಮನನ್ನು ನೆನೆಯುತ್ತಿರುತ್ತೇನೆ. ಬಾಗಿಲಿಂದಲೇ ಅವರು “ಒಟ್ಟೆ ಅಸೀತದೆ, ಬುತ್ತಿ ಬಿಚ್ಚಮ್ಮಿ” ಎಂದರೆ ಸಾಕು, ಗಡ್ಡೆ ಮತ್ತೆ ಬಂದಿಲ್ಲ, ಈ ಸಲವೂ ತಾಯಿ ಕಾಪಾಡಿದಳು ಎಂದುಕೊಂಡು ಬುತ್ತಿ ಬಿಚ್ಚುತ್ತೇನೆ.