ಗದ್ದುಗೆಯ ಮೇಲಿನ ತಲವಾರ

ಸೋಮವಾರ ನಮ್ಮ ಅಡುಗೆಮನೆಯಿಂದ ಇಳಿಗೆಮಣೆ ಮಾಯವಾಗಿತ್ತು. ಚಾಕುವೂ ಇರಲಿಲ್ಲ.

“ಅಕ್ಕಾರ, ಇಳಿಗಿಮಣಿ ಎಲ್ಲಿ ಇಟ್ಟೀರಿ?” ಎಂದಳು ಕಸ್ತೂರಿ. ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದು ನಮ್ಮಲ್ಲಿ ಅಡುಗೆ ಮಾಡುವವಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. “ನೀ ರೊಟ್ಟಿ ಅಷ್ಟ ಬಡಿ ಬೇ. ಕಾಯಿಪಲ್ಲೆ ನಾ ಹೆಚ್ಚತೇನಿ.” (ಅತ್ತೆ ಇಳಿಗೆಮಣೆ ಮುಟ್ಟಿ ಎಷ್ಟು ಕಾಲವಾಯಿತೋ.)

ಕಸ್ತೂರಿ ಬಳೆ ಹಿಂದೆ ಸರಿಸಿ ಹಿಟ್ಟು ನಾದತೊಡಗಿದಳು. ಅಷ್ಟೇ.

ಆಕೆಯ ಗಂಡ ಮಹಾದೇವ ಜೈಲಿನಲ್ಲಿದ್ದಾನೆ. ಅವರ ಓಣಿಯಲ್ಲಿ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಎಲ್ಲರೂ ಕುಡಗೋಲು, ಕೊಡಲಿ, ನಟ್ಟು ಬಿಗಿಯುವ ಪಾನಾ ತಂದು ಒಂದೇ ಮನೆಯ ಗದ್ದುಗೆಯ ಮೇಲಿಟ್ಟು ಪೂಜಿಸುತ್ತಾರೆ. ಮರುದಿನ ಬನ್ನಿ ಹಂಚಿದ ಮೇಲೆ ಒಯ್ಯುತ್ತಾರೆ. ಈ ಸಲ ಮಹಾದೇವನ ಮನೆಯ ಪಾಳಿ. ಆ ರಾಶಿಯಲ್ಲಿ ಯಾರೋ ತಲವಾರ ಇಟ್ಟರು. ಇನ್ಯಾರೋ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದರು. ಲೈಸೆನ್ಸಿಲ್ಲದೆ ತಲವಾರ ಇಟ್ಟುಕೊಳ್ಳುವುದು ಅಪರಾಧ; ಪೊಲೀಸರು ಬಂದರು. ಯಾರದಿದು ಎಂದು ಕೇಳಿದರು.

“ಗದ್ದಿಗಿ ಮ್ಯಾಲ ಇದ್ದದ್ದೆಲ್ಲಾ ನನ್ನ ಜವಾಬ್ದಾರಿರಿ, ಸಾಹೇಬ್ರ” ಎಂದನಂತೆ ಮಹಾದೇವ.

ಪಾಳಿಯವನು ಹಾಗೆಯೇ ಹೇಳಬೇಕು. ಯಾರದೋ ಕುಡಗೋಲು ಕಳೆದರೆ ಅವನೇ ತಂದುಕೊಡಬೇಕಲ್ಲ? ಓಣಿಯಲ್ಲಿ ಅದು ಮರ್ಯಾದೆಯ ಮಾತು. ಠಾಣೆಯಲ್ಲಿ?

ಎದುರು ಮನೆಯ ವಕೀಲರನ್ನು ಕೇಳಿದೆ. “ಪೊಲೀಸರ ಮುಂದ ಒಪ್ಪಿಕೊಂಡದ್ದು ಕೋರ್ಟಿನ್ಯಾಗ ನಡಿಯೂದಿಲ್ರಿ. ತಲವಾರ ಅಲ್ಲಿದ್ದದ್ದು ಅವಗ ಗೊತ್ತಿತ್ತು, ಅವನ ತಾಬಾದಾಗ, ಅಂದ್ರ ವಶದಾಗ, ಇತ್ತು ಅಂತ ಪೊಲೀಸರ ಸಾಬೀತು ಮಾಡಬೇಕು. ಇವ ಏನೂ ಮಾಡಬೇಕಾಗಿಲ್ಲ.”

ನಾನು ಓದಿದ ಕಾನ್ವೆಂಟಿನಲ್ಲಿ ಪೌರನೀತಿಯ ಸಿಸ್ಟರ್ ಕೂಡ ಇದನ್ನೇ ಕಲಿಸಿದ್ದರು. (ಇಂಗ್ಲಿಷ್ ಸಿನಿಮಾದಲ್ಲಿ ಕಾಣುವ ಜ್ಯೂರಿ ನಮ್ಮಲ್ಲಿಲ್ಲ. ತೀರ್ಮಾನಿಸುವವರು ಜಡ್ಜ್ ಒಬ್ಬರೇ.) ಎಷ್ಟು ಚೆಂದದ ನಿಯಮ.

ಆದರೂ ಕಸ್ತೂರಿ ತಲವಾರ ಯಾರದೆಂದು ಕೇಳುತ್ತ ಓಣಿಯ ಪ್ರತಿ ಬಾಗಿಲಿಗೂ ಹೋಗಿ ಬಂದಿದ್ದಾಳೆ. “ನಮ್ಮನ್ನ ಯಾಕ ಕೇಳ್ತಿ ಬೇ? ನಿಮ್ಮ ಮನ್ಯಾಗ ಸಿಕ್ಕೈತಿ” ಎನ್ನುತ್ತಾರಂತೆ. ಕುಡಗೋಲುಗಳನ್ನು ಎಲ್ಲರೂ ಗುರುತು ಹಿಡಿದು ಒಯ್ದರು. ತಲವಾರಕ್ಕೆ ಮಾತ್ರ ವಾರಸುದಾರರಿಲ್ಲ. ಜಾಮೀನು ಇನ್ನೂ ಸಿಕ್ಕಿಲ್ಲ.

ಆ ಸಂಜೆ ಅತ್ತೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಳಿಗೆಮಣೆ, ಚಾಕು ಎರಡೂ ಸಿಕ್ಕವು. “ಕೇಸ್ ಮುಗಿಯೂತನಕ ಜ್ವಾಕಿ ಇರಬೇಕವಾ” ಎಂದರು. ನಾನು ಎರಡನ್ನೂ ತಂದು ಅವುಗಳ ಜಾಗದಲ್ಲಿಟ್ಟೆ.

ಮಂಗಳವಾರ ಕಸ್ತೂರಿ ಅವುಗಳತ್ತ ನೋಡಲೇ ಇಲ್ಲ. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಬದನೆಕಾಯಿಯನ್ನು ಮನೆಯಲ್ಲೇ ಹೆಚ್ಚಿಕೊಂಡು ಬಂದಿದ್ದಳು. ಹೋಳುಗಳು ದಾರಿಯಲ್ಲೇ ಕಪ್ಪಾಗಿದ್ದವು.

“ಇರ್ಲಿ ಬಿಡ್ರಿ ಅಕ್ಕಾರ” ಎಂದಳು. “ಅಮ್ಮಾರಿಗೆ ಅಂಜಿಕಿ ಬ್ಯಾಡ.”

ಸಾಬೀತು ಮಾಡುವ ಹೊರೆ ಪೊಲೀಸರದು ಎಂದಿದ್ದರು ವಕೀಲರು. ಹಾಗಾದರೆ ಕಸ್ತೂರಿ ಬಬಲೇಶ್ವರದಿಂದ ಈ ಡಬ್ಬಿ ಹೊತ್ತು ಬಂದದ್ದು ಯಾಕೆ?