ಬೀಗದಕ್ಕ ತನ್ನ ಮನೆ ಮಾರಿದ್ದು

ಊರಿನಲ್ಲಿ ಮಾರಾಟಕ್ಕಿದ್ದ ಮನೆಗಳ ಬೀಗದ ಕೈಗಳಲ್ಲಿ ಅರ್ಧಕ್ಕರ್ಧ ಅವಳ ಚೀಲದಲ್ಲೇ ಇರುತ್ತಿದ್ದವು. ಅದಕ್ಕೇ ಎಲ್ಲರಿಗೂ ಅವಳು ಬೀಗದಕ್ಕ. ಬೀದಿಯ ತಿರುವಿನಲ್ಲಿ ಝಣಝಣ ಸದ್ದು ಕೇಳಿದರೆ ಸಾಕು, ಯಾರದೋ ಮನೆ ಕೈ ಬದಲಾಗುತ್ತಿದೆ ಎಂದು ಜನ ಅಂದುಕೊಳ್ಳುತ್ತಿದ್ದರು. ಮನೆ ಮಾರಿಸುವುದರಲ್ಲಿ ಅವಳದು ಎತ್ತಿದ ಕೈ. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವಳಿಗೆ, ಮಾರುವವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಎಡವಿದವರನ್ನು ಬೈಯುವುದರಲ್ಲೂ ಅವಳೇನು ಹಿಂದೆ ಬಿದ್ದವಳಲ್ಲ.

“ಹೆತ್ತವರಿಗೆ ಹೆಗ್ಗಣ ಮುದ್ದು,” ಎಂದು ಶುರು ಮಾಡುತ್ತಿದ್ದಳು, ಬಾಯಿಗೆ ಬಂದ ಬೆಲೆ ಹೇಳುವವರಿಗೆ. “ಈ ಮನೆ ಕಟ್ಟೋವಾಗ ನೀವು ಅತ್ತಿರಬಹುದು. ಕೊಳ್ಳೋರು ನಿಮ್ಮ ಅಳೂಗೆ ಯಾಕ್ರೀ ದುಡ್ಡು ಕೊಡ್ತಾರೆ?” ತೇವ ಹಿಡಿದ ಗೋಡೆಗೆ ಬಣ್ಣ ಬಳಿದು ಮುಚ್ಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲ ಮಳೆಗೆ ಗೋಡೆಯೇ ಬಾಯಿ ಬಿಡುತ್ತೆ, ಆಗ ಮುಖ ಎಲ್ಲಿಟ್ಕೋತೀರಿ ಎಂದು ಕೇಳುತ್ತಿದ್ದಳು. ಇನ್ನು, ಮನೆ ನೋಡಲು ಜನ ಬಂದಾಗ ಮನೆಯವರು ಅಲ್ಲಿ ಇರಲೇಕೂಡದು. ಇದ್ದರೆ ಬಾಯಿ ಸುಮ್ಮನಿರುವುದಿಲ್ಲ. ಒಬ್ಬ ಮೇಷ್ಟರು ಬಚ್ಚಲುಮನೆ ತೋರಿಸುತ್ತಾ, ನಮ್ಮತ್ತೆ ಜಾರಿ ಬಿದ್ದು ಸತ್ತಿದ್ದು ಇಲ್ಲೇ ಎಂದು ಜಾಗ ಸಮೇತ ತೋರಿಸಿ, ಬಂದ ಗಿರಾಕಿಯನ್ನು ಬಂದ ದಾರಿಗೇ ಅಟ್ಟಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಸಾಮಾನಿನ ವಿಷಯ. “ಸಾಮಾನು ತುಂಬಿದ ಮನೆಗೆ ಉಸಿರೇ ಇರಲ್ಲ. ಮುರುಕು ಕುರ್ಚಿ, ಸ್ಟೂಲು, ಬೀರು ಎಲ್ಲಾ ಎತ್ತಿಸಿಬಿಡಿ. ಬಂದೋರ ಕಣ್ಣಿಗೆ ನೆಲ ಕಾಣಬೇಕು.” ಹೇಳಿದ ಮಾತು ಕೇಳಿದವರ ಮನೆ ತಿಂಗಳೊಳಗೆ ಮಾರಿಹೋಗುತ್ತಿತ್ತು.

ಅವಳ ಗಂಡ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು. ಕೆಲಸ ಬಿಟ್ಟ ಮೇಲೂ ಎಲ್ಲರಿಗೂ ಡ್ರೈವರಣ್ಣನೇ. ಸಕ್ಕರೆ ಕಾಯಿಲೆ ಮೊದಲು ಅವನ ಎಡಗಣ್ಣು ತಿಂದಿತು, ವರ್ಷ ತುಂಬುವುದರೊಳಗೆ ಬಲಗಣ್ಣನ್ನೂ ತಿಂದಿತು. ಆರು ತಿಂಗಳು ಗೋಡೆಯ ಕಡೆ ತಿರುಗಿ ಮಲಗಿದ್ದ. ಒಂದು ಬೆಳಗ್ಗೆ ಎದ್ದು ಕೂತು, “ಬಸ್ಸನ್ನ ಡಿಪೋದಲ್ಲೇ ಎಷ್ಟು ದಿನ ನಿಲ್ಸೋದು,” ಎಂದು ಹೊರಟೇಬಿಟ್ಟ.

ಮಂಚದಿಂದ ಬೀರುವಿಗೆ ಆರು ಹೆಜ್ಜೆ. ಬೀರುವಿನಿಂದ ಮರದ ಸ್ಟೂಲಿಗೆ ಎಂಟು. ಸ್ಟೂಲಿಗೆ ಕೈ ತಾಕಿದ ಕೂಡಲೇ ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ಹಾಕಿದರೆ ಅಡುಗೆಮನೆ, ಕುಡಿಯುವ ನೀರು. ತಿರುಗದೆ ನೇರ ಹೋದರೆ ಅಷ್ಟೇ ದೂರಕ್ಕೆ ಮುಂಬಾಗಿಲು. ಒಂದು ತಿಂಗಳಲ್ಲಿ ಆ ರೂಟು ಅವನಿಗೆ ಕರಗತವಾಯಿತು. ದಾರಿಯುದ್ದಕ್ಕೂ ತಾನೇ ಡ್ರೈವರ್, ತಾನೇ ಕಂಡಕ್ಟರ್. “ಬೀರು ಸ್ಟಾಪ್, ಇಳಿಯೋರು ಇಳ್ಕೊಳ್ಳಿ. ಸ್ಟೂಲ್ ಸ್ಟಾಪ್... ಎಡಕ್ಕೆ, ರೈಟ್ ರೈಟ್.” ಒಲೆಯ ಮುಂದಿನಿಂದ ಅವಳು ಕೇಳುತ್ತಿದ್ದಳು, “ಟಿಕೆಟ್ ತಗೊಂಡ್ರಾ?” “ಸ್ಟಾಫು,” ಅನ್ನುತ್ತಿದ್ದ ಅವನು. ದಿನಕ್ಕೆ ಹತ್ತು ಸಲ ಅದೇ ಮಾತು ಆಡಿದರೂ ಇಬ್ಬರಿಗೂ ಬೇಸರವಾಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅಷ್ಟಾದರೂ ಗಲಾಟೆ ಇರಲಿ ಎಂದು ಅವಳಿಗೆ ಅನಿಸುತ್ತಿತ್ತು.

ಆದರೆ ಅವರ ಮನೆ ಮೊದಲನೇ ಮಹಡಿಯಲ್ಲಿತ್ತು. ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಅವನ್ನು ಡ್ರೈವರಣ್ಣ ಒಬ್ಬನೇ ಇಳಿದು ಮೂರು ವರ್ಷವಾಗಿತ್ತು. ಅವನಿಗಿದ್ದದ್ದು ಒಂದೇ ಆಸೆ. ಯಾರ ಕೈಯನ್ನೂ ಹಿಡಿಯದೆ ಬೀದಿಗೆ ಹೋಗಬೇಕು, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಗಾಡಿಗಳ ಸದ್ದು ಕೇಳಬೇಕು. ಜೊತೆಗೆ ನಾನು ಬರ್ತೀನಲ್ಲ ಎಂದು ಅವಳು ಹೇಳಿದರೆ ತಲೆಯಾಡಿಸುತ್ತಿದ್ದ. “ನೀನು ಕೈ ಹಿಡ್ಕೊಂಡು ಬಂದ್ರೆ ಅದು ಆಸ್ಪತ್ರೆಗೆ ಹೋದ ಹಾಗೆ ಕಣೇ. ಒಬ್ನೇ ಹೋಗ್ಬೇಕು.”

ಅದಕ್ಕಾಗಿಯೇ ಬೀಗದಕ್ಕ ಎರಡು ವರ್ಷ ಹುಡುಕಿ ನೆಲಮಹಡಿಯ ಒಂದು ಮನೆ ಹಿಡಿದಳು. ಬಾಗಿಲು ತೆರೆದರೆ ಬೀದಿ, ಬೀದಿಯ ಇದೇ ಮಗ್ಗುಲಲ್ಲಿ ನಲವತ್ತು ಹೆಜ್ಜೆಗೆ ಬಸ್ ಸ್ಟಾಪು. ಆ ಮನೆಯವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದರು. ಅಷ್ಟರೊಳಗೆ ಇವರ ಮನೆ ಮಾರಬೇಕು.

ಊರಿಗೆ ಹೇಳಿದ್ದನ್ನೆಲ್ಲ ಅವಳು ತನ್ನ ಮನೆಗೂ ಮಾಡಿದಳು. ಬೆಲೆಯಲ್ಲಿ ಆಸೆ ಪಡಲಿಲ್ಲ. ಬಚ್ಚಲಿನ ಮೂಲೆಯ ತೇವವನ್ನು ತಾನೇ ಬಾಯಿಬಿಟ್ಟು ಹೇಳಿದಳು. ಭಾನುವಾರ ಒಂದು ಜೋಡಿ ಮನೆ ನೋಡಲು ಬರುವುದಿತ್ತು. ಅಂದು ಬೆಳಗ್ಗೆಯೇ ಗಂಡನನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಳು. ಆಮೇಲೆ ಪಕ್ಕದ ಮನೆಯವರ ಸಹಾಯದಿಂದ ಬೀರುವನ್ನು ಒಳಕೋಣೆಗೆ ತಳ್ಳಿಸಿದಳು, ಸ್ಟೂಲನ್ನು ಮಾಳಿಗೆಗೆ ಏರಿಸಿದಳು. ನಡುಮನೆ ನಿಜಕ್ಕೂ ದೊಡ್ಡದಾಗಿ ಕಂಡಿತು. ಇಷ್ಟು ವರ್ಷ ಇಂಥ ಮನೆಯಲ್ಲಿದ್ದೆವಾ ಎಂದು ಅವಳಿಗೇ ಹೆಮ್ಮೆಯಾಯಿತು.

ಬಂದ ಜೋಡಿಗೂ ಹಾಗೇ ಅನಿಸಿರಬೇಕು. ನಿಂತಲ್ಲೇ ಒಪ್ಪಿದರು. ನಾಳೆ ತಂದೆಯನ್ನು ಕರೆತಂದು ಇನ್ನೊಂದು ಸಲ ತೋರಿಸುತ್ತೇವೆ ಎಂದರು. ಹಾಗಾಗಿ ಸಾಮಾನು ಇನ್ನೊಂದು ದಿನ ಹಾಗೇ ಇರಲಿ ಎಂದು ಅವಳು ಬಿಟ್ಟಳು.

ಸಂಜೆ ಗಂಡನನ್ನು ಕರೆತಂದು ಮಂಚದ ಮೇಲೆ ಕೂರಿಸಿ ಸುದ್ದಿ ಹೇಳಿದಳು. ಅವನ ಮುಖ ಅರಳಿತು. ಬೆಂಚಿಗೆ ಬೆನ್ನು ಆನಿಸಲು ಗೋಡೆ ಇದೆಯಾ ಎಂದು ಕೇಳಿದ. ಇದೆ ಎಂದಳು. ಸಾಮಾನಿನ ಮಾತು ನಾಲಿಗೆಯ ತುದಿಯಲ್ಲಿತ್ತು, ಹೇಳುವಷ್ಟರಲ್ಲಿ ಫೋನು ಬಂತು. ಕೊಳ್ಳುವವರದೇ. ಅವಳು ಮಾತಾಡುತ್ತಾ ಬಾಲ್ಕನಿಗೆ ಹೋದಳು. ಸೆಕೆಯೆಂದು ಮುಂಬಾಗಿಲು ತೆರೆದೇ ಇತ್ತು.

ನೀರು ಕುಡಿಯಲೆಂದು ಡ್ರೈವರಣ್ಣ ಎದ್ದ. ಖುಷಿಯಲ್ಲಿದ್ದ, ದನಿಯೂ ದೊಡ್ಡದಾಗಿತ್ತು. “ಬೀರು ಸ್ಟಾಪ್... ಬೀರು ಎಲ್ಲೋಯ್ತೇ?” ಅವಳಿಗೆ ಕೇಳಿಸಿತು. ಫೋನಿನಲ್ಲಿ “ಹೂಂ, ಹತ್ತು ಗಂಟೆಗೆ ಬನ್ನಿ,” ಎನ್ನುತ್ತಾ, ಒಂದು ನಿಮಿಷ ಇರಿ ಎಂಬಂತೆ ಅವನ ಕಡೆಗೆ ಕೈ ಎತ್ತಿ ತೋರಿಸಿದಳು.

ಕಣ್ಣಿಲ್ಲದವನಿಗೆ ಕೈ ತೋರಿಸಿದಳು. ಇದನ್ನು ನೆನೆದಾಗಲೆಲ್ಲ ಆ ಕೈಯನ್ನು ಕತ್ತರಿಸಿ ಹಾಕಬೇಕು ಅನಿಸುತ್ತದೆ ಅವಳಿಗೆ.

ಒಂದು ಸ್ಟಾಪ್ ತಪ್ಪಿದರೇನು, ಮುಂದಿನದು ಸಿಕ್ಕೇ ಸಿಗುತ್ತದೆ ಎಂದು ಹಳೇ ಡ್ರೈವರ್ ಮುಂದೆ ನಡೆದ. ಸ್ಟೂಲು ಸಿಗಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಹಾಕಿದಾಗ ಕೈಗೆ ಬಾಗಿಲ ಚೌಕಟ್ಟು ಸಿಕ್ಕಿತು. ಗುರುತು ಸಿಗದೆ ದಿಕ್ಕು ತಪ್ಪಿದ್ದವನು ಅಡುಗೆಮನೆ ಬಂತೆಂದು ಕಾಲಿಟ್ಟ. ಅದು ಮುಂಬಾಗಿಲು. ಹನ್ನೊಂದು ಮೆಟ್ಟಿಲು ಉರುಳಿ, ತಿರುವಿನ ಗೋಡೆಗೆ ಬಡಿದು ನಿಂತ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಿದರು. ನಾಲ್ಕು ತಿಂಗಳಿಗೆ ಡಾಕ್ಟರು ಕಾಲು ಮಡಿಸಿ ಚಾಚಿ ನೋಡಿ, ಧಾರಾಳವಾಗಿ ನಡೆಯಬಹುದು ಎಂದರು. ಅಷ್ಟರಲ್ಲಿ ಹಳೇ ಮನೆ ಮಾರಿ, ಹೊಸ ಮನೆಗೆ ಬಂದೂ ಆಗಿತ್ತು. ಬೀಗದಕ್ಕ ತನ್ನ ಮನೆಯನ್ನು ಎಷ್ಟು ಜಾಣತನದಿಂದ ಮಾರಿದಳು ನೋಡಿ ಎಂದು ಪರಿಚಯದವರು ಹೊಗಳಿದರು. ಅವಳು ಈಗಲೂ ಮನೆ ತೋರಿಸುತ್ತಾಳೆ, ಬೆಲೆ ಹೆಚ್ಚಿಗೆ ಹೇಳಿದವರನ್ನು ಈಗಲೂ ಬೈಯುತ್ತಾಳೆ. ಸಾಮಾನು ಎತ್ತಿಸಿ ಎನ್ನುವ ಮಾತು ಮಾತ್ರ ಅವಳ ಬಾಯಿಂದ ಬರುವುದಿಲ್ಲ.

ಹೊಸ ಮನೆಯಲ್ಲಿ ಅವಳು ಟೇಪು ಹಿಡಿದು, ನೆಲದ ಮೇಲೆ ಮಂಡಿಯೂರಿ ಎಲ್ಲವನ್ನೂ ಹಳೆಯ ಅಳತೆಗೇ ಜೋಡಿಸಿದ್ದಳು. ಮಂಚದಿಂದ ಬೀರುವಿಗೆ ಆರು, ಬೀರುವಿನಿಂದ ಸ್ಟೂಲಿಗೆ ಎಂಟು. ಅಲುಗದಂತೆ ಬೀರುವಿನ ಕಾಲಿಗೂ ಸ್ಟೂಲಿನ ಕಾಲಿಗೂ ನೆಲಕ್ಕೆ ಸೇರಿಸಿ ಮೊಳೆ ಹೊಡೆಸಿದ್ದಳು. ಸ್ಟೂಲಿನಿಂದ ನೇರ ನಾಲ್ಕು ಹೆಜ್ಜೆಗೆ ಮುಂಬಾಗಿಲು, ಅದರಾಚೆ ಮೆಟ್ಟಿಲೇ ಇಲ್ಲ, ಸಮನಾದ ನೆಲ. ಡ್ರೈವರಣ್ಣ ಎಲ್ಲವನ್ನೂ ಕೇಳಿಸಿಕೊಂಡ, ಒಳ್ಳೇದಾಯ್ತು ಎಂದ, ಮಂಚದ ಮೇಲೇ ಉಳಿದ. ನೀರು ಬೇಕಾದರೆ ಕರೆಯುತ್ತಿದ್ದ.

ಒಂದು ಮಧ್ಯಾಹ್ನ ಅವಳು ಬೇಗ ಮನೆಗೆ ಬಂದಳು. ಚೀಲ ಎದೆಗವಚಿಕೊಂಡಿದ್ದರಿಂದ ಬೀಗದ ಕೈಗಳು ಸದ್ದು ಮಾಡಿರಲಿಲ್ಲ. ಅವನು ಮಂಚದ ಪಕ್ಕ ನಿಂತಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇತ್ತು. ಒಂದು ಕಾಲು ಮುಂದಿಟ್ಟ, ಹಿಂದಕ್ಕೆ ಎಳೆದುಕೊಂಡ. ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಹೊರಗೆ ಬಸ್ಸೊಂದು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು.

ಅವಳಿಗೆ ತಡೆಯಲಾಗಲಿಲ್ಲ. “ಹೋಗಿ. ಸ್ಟಾಪೆಲ್ಲಾ ಅಲ್ಲಲ್ಲೇ ಇದಾವೆ, ನಾನೇ ಇಟ್ಟಿದೀನಿ.”

ಅವನು ದನಿ ಬಂದ ಕಡೆ ತಿರುಗಿ ನಕ್ಕ. ಆ ನಗುವಿನಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಆವತ್ತೂ ಅಲ್ಲಲ್ಲೇ ಇದಾವೆ ಅಂತಾನೇ ಹೊರಟಿದ್ದು ಕಣೇ,” ಎಂದು ಹೇಳಿ, ಕೈಯಿಂದ ತಡವಿ ಮಂಚದ ಮೇಲೆ ಕೂತುಕೊಂಡ.